ಹೊಲಕ್ಕಷ್ಟೇ ಅಲ್ಲ, ಗಾಡಿಗೂ ಫೌತಿ ಐತೆ

ಅಕ್ಕಂದಿರೆ, ಅತ್ತಿಗೆಯಂದಿರೆ, ಓಣಿಯ ತಂಗಿಯರೆ,

ಹೋದ ತಿಂಗಳು ಮಾವಿನಮಿಡಿ ಉಪ್ಪಿನಕಾಯಿ ಬಗ್ಗೆ ಬರ್ದಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಜಗಲಿ ಮುಂದೆ ನಿಂತಿರೋ ಗಾಡಿ ಹತ್ರ ಬಂದಿದೀನಿ. ಗಾಡಿ ಅಂದ್ರೆ ಸ್ಕೂಟರು, ಬೈಕು, ಕಾರು, ಟ್ರ್ಯಾಕ್ಟರು ಎಲ್ಲಾನೂ. ಅದು ಯಾರ ಹೆಸರಲ್ಲಿತ್ತೋ ಅವರು ತೀರಿಕೊಂಡ್ರೆ ಮುಂದೆ ಯಾರದ್ದು, ಹೆಸರು ಹೆಂಗೆ ಬದಲಾಗುತ್ತೆ, ಈ ಪದ್ಧತಿ ಎಲ್ಲಿಂದ ಬಂತು ಅನ್ನೋದು ಇವತ್ತಿನ ವಿಷಯ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಯಜಮಾನ್ರು ಹೋದ್ರೆ, ತಿಥಿ ಮುಗಿದು ನೆಂಟರು ಬಸ್ಸು ಹತ್ತೋಕೆ ಮುಂಚೆನೇ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಫೌತಿಗೆ ಅರ್ಜಿ ಕೊಟ್ರಾ?" ಅಂತ. ಕೇಳೋದು ಹೊಲದ ಬಗ್ಗೆ, ತೋಟದ ಬಗ್ಗೆ. ಗಾಡಿ ಬಗ್ಗೆ ಯಾರೂ ಕೇಳಲ್ಲ. ಕೀ ಬಾಗಿಲ ಹಿಂದಿನ ಮೊಳೆಗೆ ನೇತಾಡ್ತಿರುತ್ತೆ. ಮಗ ತಗೊಂಡು ಹೋಗ್ತಾನೆ, ಇಲ್ಲಾಂದ್ರೆ ಮೈದುನ. ವರ್ಷ ಕಳೆಯುತ್ತೆ, ಎರಡು ವರ್ಷ ಕಳೆಯುತ್ತೆ, ಆರ್‌ಸಿಯಲ್ಲಿ ಹೋದವರ ಹೆಸರೇ ಇರುತ್ತೆ. ನಾನು ಬಲ್ಲ ಮನೆಗಳಲ್ಲೇ ಅಂಥ ಗಾಡಿ ನಾಲ್ಕೈದು ಇದಾವೆ. ಹೊಲಕ್ಕೆ ಇಷ್ಟು ಹುಷಾರಾಗಿರೋ ನಾವು ಗಾಡಿಗೆ ಯಾಕೆ ಇಷ್ಟು ಅಸಡ್ಡೆ ಮಾಡ್ತೀವಿ? ಯೋಚನೆ ಮಾಡಿದ್ರೆ ಇದಕ್ಕೆ ಹಳೇ ಕಾರಣ ಐತೆ ಅನ್ಸುತ್ತೆ.

ಮೊದಲು ಈ 'ಫೌತಿ' ಅನ್ನೋ ಮಾತನ್ನೇ ನೋಡಿ. ಇದು ಅರಬ್ಬಿಯಿಂದ ಪಾರಸಿಗೆ ಬಂದು, ಅಲ್ಲಿಂದ ನಮ್ಮ ಕಂದಾಯದ ಕಡತಕ್ಕೆ ಬಂದ ಮಾತು. ಅರ್ಥ ಸಾವು ಅಂತಲೇ. 'ವಾರಸುದಾರ', 'ಮಾಲೀಕ' ಇವೂ ಅದೇ ದಾರಿಯಲ್ಲಿ ಬಂದವು. ನೂರಾರು ವರ್ಷದಿಂದ ಸರ್ಕಾರಕ್ಕೆ ಬೇಕಾಗಿದ್ದು ಹೊಲದ ಕಂದಾಯ. ಕಂದಾಯ ಕಟ್ಟೋ ಮನುಷ್ಯ ಸತ್ರೆ ಮುಂದೆ ಯಾರು ಕಟ್ತಾರೆ ಅಂತ ಲೆಕ್ಕದಲ್ಲಿ ಬರೀಲೇಬೇಕಿತ್ತು. ಹಂಗಾಗಿ ಶಾನುಭೋಗರು ಬರೀತಿದ್ರು. ಅವರ ಕಾಲ ಮುಗಿದ ಮೇಲೆ ಗ್ರಾಮ ಲೆಕ್ಕಿಗರು ಬರೆದ್ರು. ಫೌತಿ ಅಂದ್ರೆ ಹೊಲ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದ್ದು ಹೀಗೆ.

ಗಾಡಿಯ ಕಥೆ ಬೇರೆ. ನಮ್ಮ ಅಜ್ಜಿ ಕಾಲದಲ್ಲಿ ಗಾಡಿ ಅಂದ್ರೆ ಎತ್ತಿನ ಗಾಡಿ ಒಂದೇ. ಸ್ಕೂಟರಿಗೂ ನಾವು ಗಾಡಿ ಅಂತೀವಲ್ಲ, ಆ ಮಾತು ಎತ್ತಿನ ಗಾಡಿಯಿಂದಲೇ ಉಳಿದು ಬಂದಿದ್ದು. ರೈಲು ನಮ್ಮ ಕಡೆ ಬಂದಿದ್ದು 1889ರ ಹೊತ್ತಿಗೆ, ಬೆಂಗಳೂರಿಂದ ಹರಿಹರದ ತನಕ. ಕಡೂರು, ಬೀರೂರು, ಅಜ್ಜಂಪುರ ಎಲ್ಲಾ ಆ ಹಾದಿಯಲ್ಲೇ ಸಿಗ್ತವೆ. ಬೀರೂರಿಂದ ಶಿವಮೊಗ್ಗಕ್ಕೆ ತರೀಕೆರೆ ಮೇಲೆ ಹಾಯೋ ಲೈನು 1899ರಲ್ಲಿ ಆಯ್ತು. ರೈಲು ಬಂದ್ರೂ ಸ್ಟೇಷನ್ನಿಗೆ ತೆಂಗಿನಕಾಯಿ, ಅಡಿಕೆ ಮೂಟೆ ಹೊತ್ತಿದ್ದು ಎತ್ತೇ.

ಎತ್ತಿನ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹೆಸರು. ಅಜ್ಜಂಪುರದ ಅಮೃತ್ ಮಹಲ್ ಕೇಂದ್ರ ನೀವೆಲ್ಲಾ ನೋಡಿರೋದೇ. ಮೈಸೂರಿನ ಒಡೆಯರ ಕಾಲದಲ್ಲಿ ಅದಕ್ಕೆ 'ಬೆಣ್ಣೆ ಚಾವಡಿ' ಅಂತಿದ್ರು, ಟಿಪ್ಪು 'ಅಮೃತ್ ಮಹಲ್' ಅಂತ ಹೆಸರಿಟ್ಟ. ಸೈನ್ಯದ ಸಾಮಾನು, ಫಿರಂಗಿ ಎಳೀತಿದ್ದ ದನ ಇವು. ಇವುಗಳ ಮೇವಿಗೆ ಬಿಟ್ಟಿದ್ದ ಜಾಗಕ್ಕೇ ಇವತ್ತಿಗೂ ನಾವು ಅಮೃತ್ ಮಹಲ್ ಕಾವಲು ಅನ್ನೋದು. ಚಿಕ್ಕದೇವರಾಜ ಒಡೆಯರು ಅರಮನೆ ದನಗಳಿಗೆ ತಮ್ಮ ಹೆಸರಿನ 'ದೇ' ಅಕ್ಷರದ ಮುದ್ರೆ ಹಾಕಿಸಿದ್ರಂತೆ. ಯೋಚನೆ ಮಾಡಿ, ಇವತ್ತು ನಂಬರ್ ಪ್ಲೇಟು ಮಾಡೋ ಕೆಲಸವನ್ನೇ ಆವತ್ತು ಆ ಬರೆ ಮಾಡ್ತಿತ್ತು. ಯಾರ ದನ ಅಂತ ದೂರದಿಂದಲೇ ಗೊತ್ತಾಗ್ತಿತ್ತು. ಆದ್ರೆ ಅದು ಅರಮನೆ ದನಕ್ಕೆ. ರೈತರ ಮನೆ ಗಾಡಿ ಎತ್ತಿಗೆ ಬುಕ್ಕೂ ಇಲ್ಲ, ನಂಬರ್ರೂ ಇಲ್ಲ. ಊರಿಗೇ ಗೊತ್ತಿರ್ತಿತ್ತು ಇದು ಯಾರ ಗಾಡಿ ಅಂತ.

ಹಂಗಾದ್ರೆ ಆ ಗಾಡಿಯ ಯಜಮಾನ ಸತ್ರೆ ಏನ್ ಮಾಡ್ತಿದ್ರು? ಹಿರೀಕರು ನಾಲ್ಕು ಜನ ಜಗಲಿ ಮೇಲೆ ಕೂತು ಮಾತಾಡ್ತಿದ್ರು. ಗಾಡಿ ಹಿರೀಮಗನಿಗೆ, ಎತ್ತು ಕಿರೀಮಗನಿಗೆ, ತಾಯಿ ಯಾರ ಮನೇಲಿ ಇರ್ತಾಳೋ ಅವರಿಗೆ ಕರೆಯೋ ಎಮ್ಮೆ. ದೊಡ್ಡ ಮನೆಯಾದ್ರೆ ಪಾಲುಪಾರೀಕತ್ತು ಬರೆಸ್ತಿದ್ರು. ಸಣ್ಣ ಮನೆಯಾದ್ರೆ ಬಾಯಿಮಾತೇ ಸಾಕು. ನೊಗ ಯಾರು ಕಟ್ತಾರೋ ಗಾಡಿ ಅವರದ್ದು. ಇದರಲ್ಲಿ ಗಮನಿಸಿ, ಎಮ್ಮೆ ತಾಯಿ ಇರೋ ಮನೆಗೆ ಬಂತೇ ಹೊರತು ತಾಯಿಗೆ ಬರಲಿಲ್ಲ. ಹೆಂಡ್ತಿಗೆ, ಹೆಣ್ಣುಮಕ್ಕಳಿಗೆ ಗಾಡಿಯೂ ಇಲ್ಲ, ನೊಗವೂ ಇಲ್ಲ. ಹೆಣ್ಣುಮಕ್ಕಳಿಗೆ ಹಬ್ಬಕ್ಕೆ ಗಾಡಿ ಕಟ್ಟಿ ಕಳಿಸ್ತಿದ್ರು, ಅಷ್ಟೆ.

ಮೋಟಾರು ಬಂದ ಮೇಲೆ ಈ ಬಾಯಿಮಾತಿನ ಪದ್ಧತಿ ನಡೀಲಿಲ್ಲ. ಯಾಕಂದ್ರೆ ಎತ್ತಿನ ಗಾಡಿ ಪಕ್ಕದ ಊರು ದಾಟೋದು ಕಷ್ಟ, ದಾಟಿದ್ರೂ ನಿಧಾನ. ಮೋಟಾರು ಒಬ್ಬನಿಗೆ ಗುದ್ದಿ ಹತ್ತು ಮೈಲಿ ಆಚೆ ಹೋಗಿಬಿಡುತ್ತೆ. ಅಲ್ಲಿ ಅದು ಯಾರದ್ದು ಅಂತ ಯಾರಿಗೂ ಗೊತ್ತಿರಲ್ಲ. ಹಂಗಾಗಿ ಗಾಡಿಗೆ ನಂಬರು, ನಂಬರಿಗೆ ಸರ್ಕಾರದ ಪುಸ್ತಕದಲ್ಲಿ ಒಂದು ಹೆಸರು. ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು, ಆಮೇಲೆ 1939ರಲ್ಲಿ ದೊಡ್ಡದೊಂದು ಕಾಯ್ದೆ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಸೀಮೆಗೂ ಅದೇ ಕಾಯ್ದೆ ಆಯ್ತು.

ಆ 1939ರ ಕಾಯ್ದೆಯಲ್ಲೇ ಸಾವಿನ ವಿಷಯ ಬಂದಿತ್ತು, ಆದ್ರೆ ಪರ್ಮಿಟ್ಟಿನ ಲೆಕ್ಕದಲ್ಲಿ. ಬಸ್ಸು, ಲಾರಿ ಪರ್ಮಿಟ್ ಇದ್ದೋರು ಸತ್ರೆ, ಗಾಡಿ ಯಾರ ಕೈಗೆ ಬರುತ್ತೋ ಅವರು 30 ದಿನದೊಳಗೆ ಆಫೀಸಿಗೆ ತಿಳಿಸಿದ್ರೆ ಮೂರು ತಿಂಗಳು ಅದೇ ಪರ್ಮಿಟ್ಟಿನಲ್ಲಿ ಓಡಿಸಬಹುದು ಅಂತ. ಬಸ್ಸು ನಿಂತ್ರೆ ಊರಿಗೇ ತೊಂದರೆ, ಮನೆ ಒಲೆಗೂ ತೊಂದರೆ. ಅದಕ್ಕೇ ಈ ಮೂರು ತಿಂಗಳ ಉಸಿರು. ಈ 30 ದಿನ, ಮೂರು ತಿಂಗಳ ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ನಮ್ಮ ಸ್ಕೂಟರಿಗೂ ಬರುತ್ತೆ.

ಸಾಮಾನ್ಯ ಮನೆಗೆ ಮೋಟಾರು ಬರೋಕೆ ಇನ್ನೂ ಬಹಳ ವರ್ಷ ಬೇಕಾಯ್ತು. ಮೈಸೂರಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾಗಿದ್ದು 1961ರಲ್ಲಿ. ಜಾವಾ, ಆಮೇಲೆ ಯೆಜ್ಡಿ. ಅದು ಊರಿಗೊಂದೋ ಎರಡೋ. ಶಬ್ದ ಕೇಳಿದ್ರೆ ಯಾರು ಬಂದ್ರು ಅಂತ ಗೊತ್ತಾಗ್ತಿತ್ತು. 1980ರಲ್ಲಿ ಟಿವಿಎಸ್ 50 ಬಂತು ನೋಡಿ, ಆಮೇಲೆ ನಮ್ಮ ಕಡೆ ರೈತರ ಮನೆ ಜಗಲಿ ಮುಂದೆಲ್ಲಾ ಗಾಡಿ ನಿಲ್ಲೋಕೆ ಶುರುವಾಯ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಈರುಳ್ಳಿ ಚೀಲ, ಹಿಂದೊಂದು ಮಗು, ಎಲ್ಲಾ ಅದರ ಮೇಲೇ. ಆಗಿನ ಗಾಡಿಗಳಿಗೆ ಎಂವೈ, ಸಿಎ ಅನ್ನೋ ಅಕ್ಷರದಿಂದ ಶುರುವಾಗೋ ನಂಬರು. 1989ರಿಂದ ಈಚೆಗೆ ಕೆಎ ಬಂತು. ಚಿಕ್ಕಮಗಳೂರಿಗೆ ಕೆಎ 18. ಆಮೇಲೆ ತರೀಕೆರೆಗೇ ಆಫೀಸು ಆಗಿ ಕೆಎ 66 ಬಂತು.

ಅಂತೂ ಟಿವಿಎಸ್ಸೂ, ಸ್ಕೂಟರೂ ಮನೆಗೆ ಬಂದ್ವು. ಆದ್ರೆ ನಮ್ಮ ಮನಸ್ಸು ಎತ್ತಿನ ಗಾಡಿ ಕಾಲದಲ್ಲೇ ಉಳೀತು. ಕೀ ಯಾರ ಹತ್ರ ಐತೋ ಗಾಡಿ ಅವರದ್ದು ಅಂತ. ಹೆಸರು ಬದಲಾಯಿಸೋಕೆ ತಡ ಮಾಡೋದು ನಮ್ಮ ಸೀಮೆಗೆ ಹೊಸದೂ ಅಲ್ಲ ಬಿಡಿ. ನಮ್ಮ ಜಿಲ್ಲಾ ಕಚೇರಿ ಕಡೂರಿಂದ ಚಿಕ್ಕಮಗಳೂರಿಗೆ ಹೋಗಿದ್ದು 1865ರಲ್ಲಿ, ಆದ್ರೆ ಜಿಲ್ಲೆ ಹೆಸರು 1947ರ ತನಕ ಕಡೂರು ಜಿಲ್ಲೆ ಅಂತಲೇ ಇತ್ತು. ಜಿಲ್ಲೆಗಾದ್ರೆ ಎಂಬತ್ತು ವರ್ಷ ತಡ ಆದ್ರೂ ನಡೀತು. ಗಾಡಿಗೆ ನಡೆಯಲ್ಲ.

ಇನ್ನು ಇದರ ಜೊತೆಗೆ ಬರೋ ಇನ್ನೊಂದು ಕಥೆ ಹೇಳ್ಬೇಕು. ಗಂಡ ಸತ್ತ ಮೇಲೆ ಹೆಂಡ್ತಿಗೆ ಏನು ಬರುತ್ತೆ ಅನ್ನೋ ಕಥೆ. ಇದು ಗೊತ್ತಿಲ್ಲದೆ ಗಾಡಿ ಕಥೆ ಅರ್ಥ ಆಗಲ್ಲ.

ಹಳೇ ಪದ್ಧತಿಯಲ್ಲಿ ಒಟ್ಟು ಕುಟುಂಬದ ಸೊಸೆಗೆ ಗಂಡ ಹೋದ್ರೆ ಊಟ, ಬಟ್ಟೆ, ಇರೋಕೆ ಒಂದು ಮೂಲೆ. ಅದಕ್ಕೆ ಜೀವನಾಂಶ ಅಂತ ಹೆಸರು. ಆಸ್ತಿಯಲ್ಲಿ ಹೆಸರಿಲ್ಲ. ಈ ವಿಷಯದಲ್ಲಿ ನಮ್ಮ ಮೈಸೂರು ಸಂಸ್ಥಾನ ಒಂದು ಹೆಜ್ಜೆ ಮುಂದಿತ್ತು ಅನ್ನೋದು ನಾವು ಹೆಮ್ಮೆಪಡೋ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲೇ, ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಮಾಡಿದ್ರು. ಒಟ್ಟು ಮನೆ ಪಾಲಾಗೋ ಹೊತ್ತಿಗೆ ತಾಯಿಗೆ, ಸತ್ತ ಮಗನ ಹೆಂಡ್ತಿಗೆ, ಮದುವೆ ಆಗದ ಹೆಣ್ಣುಮಕ್ಕಳಿಗೆ ಪಾಲು ಅಂತ ಅದರಲ್ಲಿ ಬರೆದಿದ್ರು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಹಕ್ಕಿನ ಕಾಯ್ದೆ ಬಂದಿದ್ದು ನಾಲ್ಕು ವರ್ಷ ಆದ್ಮೇಲೆ, 1937ರಲ್ಲಿ. ಅದರಲ್ಲೂ ಅವಳು ಇರೋ ತನಕ ಅನುಭವಿಸಬಹುದು ಅಷ್ಟೆ, ಮನಸ್ಸಿಗೆ ಬಂದಂಗೆ ಮಾರೋ ಹಂಗಿರಲಿಲ್ಲ.

1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಗಂಡಸು ಉಯಿಲು ಬರೆಯದೆ ಸತ್ರೆ ಅವನ ಸ್ವಂತ ಆಸ್ತಿಗೆ ಹೆಂಡ್ತಿ, ಮಗ, ಮಗಳು, ತಾಯಿ ಇವರೆಲ್ಲಾ ಮೊದಲ ಸಾಲಿನ ವಾರಸುದಾರರು, ಒಬ್ಬೊಬ್ಬರಿಗೆ ಒಂದೊಂದು ಸಮಪಾಲು. ಹೆಂಗಸಿಗೆ ಬಂದ ಪಾಲು ಪೂರ್ತಿ ಅವಳದ್ದೇ, ಮಾರಬಹುದು, ಯಾರಿಗೆ ಬೇಕಾದ್ರೂ ಕೊಡಬಹುದು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡ್ತು, ಇಡೀ ದೇಶಕ್ಕೆ 2005ರಲ್ಲಿ ಆಯ್ತು. ನಮ್ಮ ಓಣಿಯ ಮುಸ್ಲಿಂ ಅಕ್ಕಂದಿರಿಗೆ ಅವರ ಶರೀಯತ್ತಿನ ಪ್ರಕಾರ ಮಕ್ಕಳಿದ್ರೆ ಗಂಡನ ಆಸ್ತಿಯಲ್ಲಿ ಎಂಟನೇ ಒಂದು ಪಾಲು, ಮಕ್ಕಳಿಲ್ಲದಿದ್ರೆ ನಾಲ್ಕನೇ ಒಂದು. ಕ್ರಿಶ್ಚಿಯನ್ನರಿಗೆ 1925ರ ಕಾಯ್ದೆ ಪ್ರಕಾರ ಮಕ್ಕಳಿದ್ರೆ ಮೂರನೇ ಒಂದು.

ಈಗ ಇದನ್ನ ಗಾಡಿಗೆ ಹಾಕಿ ನೋಡಿ. ಸ್ಕೂಟರು ಗಂಡಸಿನ ಸ್ವಂತ ದುಡಿಮೆಯದ್ದು ಅಂತಿಟ್ಕೊಳ್ಳಿ. ಅವರಿಗೆ ಹೆಂಡ್ತಿ, ತಾಯಿ, ಒಬ್ಬ ಮಗ, ಮದುವೆ ಆದ ಒಬ್ಬ ಮಗಳು. ಸ್ಕೂಟರು ನಲವತ್ತು ಸಾವಿರ ಬೆಲೆಬಾಳಿದ್ರೆ ಒಬ್ಬೊಬ್ಬರದ್ದು ಹತ್ತತ್ತು ಸಾವಿರ. ಸ್ಕೂಟರನ್ನ ನಾಲ್ಕು ಹೋಳು ಮಾಡೋಕಾಗಲ್ಲ. ಹಂಗಾಗಿ ಒಬ್ಬರ ಹೆಸರಿಗೆ ಮಾಡಿ, ಉಳಿದ ಮೂವರು ನಮ್ಮದೇನು ತಕರಾರಿಲ್ಲ ಅಂತ ಸಹಿ ಮಾಡ್ತಾರೆ. ಆ ಒಬ್ಬರು ಯಾರು? ಸಾಮಾನ್ಯವಾಗಿ "ಮಗ ಓಡಿಸ್ತಾನಲ್ಲ, ಅವನ ಹೆಸರಿಗೇ ಆಗ್ಲಿ ಬಿಡು" ಅಂತಾರೆ. ಆಗ್ಲಿ, ತಪ್ಪಲ್ಲ. ಆದ್ರೆ ಅದು ನೀವು ಸಹಿ ಹಾಕಿ ಕೊಟ್ಟಿದ್ದು, ತಾನಾಗೇ ಅವನಿಗೆ ಹೋಗಿದ್ದಲ್ಲ ಅಂತ ನಿಮಗೂ ಗೊತ್ತಿರ್ಲಿ, ಅವನಿಗೂ ಗೊತ್ತಿರ್ಲಿ. ಅತ್ತೆ ಇದ್ರೆ ಅವರನ್ನೂ ಕೇಳಿ, ಅವರದ್ದೂ ಒಂದು ಪಾಲು ಐತೆ. ಗಾಡಿ ನೀವೇ ಓಡಿಸೋ ಹಂಗಿದ್ರೆ, ಅಂಗನವಾಡಿಗೋ ಗಾರ್ಮೆಂಟ್ಸಿಗೋ ಅದರಲ್ಲೇ ಹೋಗೋ ಹಂಗಿದ್ರೆ, ನಿಮ್ಮ ಹೆಸರಿಗೇ ಮಾಡಿಸ್ಕೊಳ್ಳಿ. ನಾಚಿಕೆ ಯಾಕೆ?

ಕಾಯ್ದೆ ಈಗ ಏನು ಹೇಳುತ್ತೆ? ಈಗ ನಡೀತಿರೋದು 1988ರ ಮೋಟಾರು ವಾಹನ ಕಾಯ್ದೆ, ಜಾರಿಗೆ ಬಂದಿದ್ದು 1989ರ ಜುಲೈ 1ರಿಂದ. ಅದರ 50ನೇ ಕಲಮಿನಲ್ಲಿ, ನೋಂದಾಯಿತ ಮಾಲೀಕ ಸತ್ರೆ ಗಾಡಿ ಯಾರ ಸ್ವಾಧೀನಕ್ಕೆ ಬರುತ್ತೋ ಅವರು ಹೆಸರು ಬದಲಾವಣೆಗೆ ಅರ್ಜಿ ಹಾಕ್ಬೇಕು ಅಂತ ಐತೆ. ಅದರ ಜೊತೆ ಬಂದ 1989ರ ಕೇಂದ್ರ ನಿಯಮದ 56ನೇ ನಿಯಮ ನಮಗೆ ಮುಖ್ಯ. ನಾನು ಮೇಲೆ ಹೇಳಿದ ಬಸ್ಸಿನ ಲೆಕ್ಕವೇ ಇಲ್ಲಿ ಎಲ್ಲಾ ಗಾಡಿಗೂ ಬಂದೈತೆ. ಸಾವಾಗಿ 30 ದಿನದೊಳಗೆ, ಹಿಂಗಾಗಿದೆ, ಗಾಡಿ ನಾನು ಉಪಯೋಗಿಸ್ತೀನಿ ಅಂತ ಆರ್‌ಟಿಓ ಆಫೀಸಿಗೆ ತಿಳಿಸಿದ್ರೆ, ಮೂರು ತಿಂಗಳು ಅದು ನಿಮ್ಮದೇ ಅನ್ನೋ ಹಂಗೆ ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕ್ಬೇಕು. ಗಾಡಿ ಮಾರಿದಾಗ ತುಂಬೋ 29, 30ನೇ ಫಾರಂ ಬೇರೆ, ಇದು ಬೇರೆ. ಗೊಂದಲ ಮಾಡ್ಕೋಬ್ಯಾಡಿ.

ಇನ್ನೊಂದು ಮಾತು. ಆರ್‌ಟಿಓದವರು ಬದಲಾಯಿಸೋದು ಪುಸ್ತಕದ ಹೆಸರು ಮಾತ್ರ. ಅಣ್ಣತಮ್ಮಂದಿರ ಪಾಲಿನ ಜಗಳ ತೀರ್ಮಾನ ಮಾಡೋದು ಅವರ ಕೆಲಸ ಅಲ್ಲ, ಅದು ಕೋರ್ಟಿನದ್ದು. ಅದಕ್ಕೇ ಅವರು ಎಲ್ಲಾ ವಾರಸುದಾರರ ಒಪ್ಪಿಗೆ ಕೇಳೋದು.

ಈಗ ನಿಮಗೆ ಅನ್ನಿಸಬಹುದು, ಒಂದು ಹಳೇ ಟಿವಿಎಸ್ಸಿಗೆ ಇಷ್ಟೆಲ್ಲಾ ಓಡಾಟ ಯಾಕೆ, ಯಾರು ಹಿಡೀತಾರೆ ಅಂತ. ಪೊಲೀಸ್ನೋರು ಹಿಡಿಯೋದು ಸಣ್ಣ ವಿಷಯ. ದೊಡ್ಡದು ಇನ್ಶೂರೆನ್ಸು.

ರಸ್ತೇಲಿ ಬೇರೆಯವರಿಗೆ ಗುದ್ದಿದ್ರೆ ಅವರಿಗೆ ಪರಿಹಾರ ಸಿಗಲಿ ಅಂತ ಬ್ರಿಟಿಷ್ ಇಂಡಿಯಾದಲ್ಲಿ 1946ರ ಜುಲೈ 1ರಿಂದ ಇನ್ಶೂರೆನ್ಸ್ ಕಡ್ಡಾಯ ಮಾಡಿದ್ರು. ಅದನ್ನೇ ನಾವು ಥರ್ಡ್ ಪಾರ್ಟಿ ಅನ್ನೋದು. ಅದು ಬೇರೆಯವರಿಗೆ. ಓಡಿಸೋ ಮಾಲೀಕನಿಗೆ ಏನಾದ್ರೂ ಆದ್ರೆ? 2002ರಿಂದ ಮಾಲೀಕ ಚಾಲಕರ ಅಪಘಾತ ವಿಮೆ ಅಂತ ಒಂದನ್ನ ಪಾಲಿಸಿಗೆ ಕಡ್ಡಾಯವಾಗಿ ಸೇರಿಸಿದ್ರು, ದ್ವಿಚಕ್ರಕ್ಕೆ 1 ಲಕ್ಷ ರೂಪಾಯಿ. 2018ರಲ್ಲಿ ಅದನ್ನ 15 ಲಕ್ಷಕ್ಕೆ ಏರಿಸಿದ್ರು. ಈ ವಿಷಯ ಎಷ್ಟೋ ಮನೆಗೆ ಗೊತ್ತೇ ಇಲ್ಲ. ಯಜಮಾನ್ರು ತಮ್ಮದೇ ಗಾಡಿ ಓಡಿಸ್ತಾ ಅಪಘಾತದಲ್ಲಿ ಹೋಗಿದ್ರೆ, ಲೈಸೆನ್ಸು ಇದ್ದಿದ್ರೆ, ಪಾಲಿಸಿ ಕಾಗದ ತೆಗೆದು ಈ ವಿಮೆಗೆ ದುಡ್ಡು ಕಟ್ಟಿದೀರಾ ಅಂತ ಮೊದಲು ನೋಡಿ. ಕಟ್ಟಿದ್ರೆ ಆ ಹಣ ನಾಮಿನಿಗೋ ವಾರಸುದಾರರಿಗೋ ಬರ್ಬೇಕಾದ್ದು.

ಈಗ ಇದರ ಇನ್ನೊಂದು ಮುಖ ನೋಡಿ. ಈ ವಿಮೆ ಸಿಗೋದು ಯಾರಿಗೆ? ಆರ್‌ಸಿಯಲ್ಲಿ ಹೆಸರಿರೋ, ಪಾಲಿಸಿಯಲ್ಲೂ ಹೆಸರಿರೋ, ಲೈಸೆನ್ಸ್ ಇರೋ ಮಾಲೀಕರಿಗೆ ಮಾತ್ರ. ಗಾಡಿ ಇನ್ನೂ ಸತ್ತ ಅಪ್ಪನ ಹೆಸರಲ್ಲೇ ಐತೆ, ಮಗ ಓಡಿಸ್ತಾ ಬಿದ್ದ. ಹೆಸರಿರೋರು ಬದುಕಿಲ್ಲ, ಬಿದ್ದೋನ ಹೆಸರಿಲ್ಲ. ಆ 15 ಲಕ್ಷ ಅವನಿಗಿಲ್ಲ.

ಹಂಗಾದ್ರೆ ಥರ್ಡ್ ಪಾರ್ಟಿ ಲೆಕ್ಕದಲ್ಲಿ ಕೇಳಬಹುದಲ್ಲ ಅಂತೀರಾ? ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ 2009ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಇಳಕಲ್ಲಿನಿಂದ ಊರಿಗೆ ಹೊರಟ ಒಬ್ಬಾತ ಬೇರೆಯವರ ಬೈಕು ಕೇಳಿ ತಗೊಂಡಿದ್ದ. ಮುಂದೆ ಹೋಗ್ತಿದ್ದ ಎತ್ತಿನ ಗಾಡಿ ಇದ್ದಕ್ಕಿದ್ದಂಗೆ ನಿಂತು, ಅದಕ್ಕೆ ಗುದ್ದಿ ತೀರಿಕೊಂಡ. ಅವನ ಹೆಂಡ್ತಿ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೇಳಿದ್ಲು. ಬೈಕು ಎರವಲು ತಂದೋನು ಮಾಲೀಕನ ಜಾಗದಲ್ಲೇ ನಿಂತಂಗೆ, ತಪ್ಪು ಯಾರದ್ದು ಅಂತ ನೋಡದೆ ಕೊಡೋ ಕಲಮಿನಡಿ ಅವನ ಮನೆಯೋರಿಗೆ ಪರಿಹಾರ ಬರಲ್ಲ ಅಂತ ಕೋರ್ಟು ಹೇಳ್ತು. ಬೇರೆ ಕಲಮಿನಡಿ ಆಗುತ್ತಾ ನೋಡಿ ಅಂತ ಹೈಕೋರ್ಟಿಗೆ ವಾಪಸ್ ಕಳಿಸ್ತು. ಆ ಹೆಣ್ಣುಮಗಳು ಕೆಳಗಿನ ಕೋರ್ಟಿಂದ ಡೆಲ್ಲಿ ತನಕ ಹೋಗಿ ಮತ್ತೆ ಹೈಕೋರ್ಟಿಗೆ ಬರ್ಬೇಕಾಯ್ತು.

ನಮ್ಮ ಜಗಲಿ ಮುಂದಿನ ಗಾಡಿಗೆ ಇದನ್ನ ಹೊಂದಿಸಿ ನೋಡಿ. ಸತ್ತವರ ಹೆಸರಿನ ಗಾಡಿ ಓಡಿಸೋನು ಹೆಸರಿರೋ ಮಾಲೀಕನೂ ಅಲ್ಲ, ಹೊರಗಿನ ಮೂರನೆಯವನೂ ಅಲ್ಲ. ನಡುವೆ ಸಿಕ್ಕಿಹಾಕ್ಕೋತಾನೆ. ಅವನ ಹಿಂದೆ ಅವನ ಹೆಂಡ್ತಿ ಮಕ್ಕಳೂ ಸಿಕ್ಕಿಹಾಕ್ಕೋತಾರೆ.

2018ರಲ್ಲಿ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳ್ತು. ಗಾಡಿ ಕೈಯಿಂದ ಕೈಗೆ ಎಷ್ಟು ಸಲ ಮಾರಾಟ ಆಗಿದ್ರೂ, ಅಪಘಾತದ ದಿನ ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರೇ ಮಾಲೀಕರು, ಜವಾಬ್ದಾರಿ ಅವರದ್ದೇ ಅಂತ. ಅಂದ್ರೆ ನೊಗ ಹಿಡಿದೋನದ್ದೇ ಗಾಡಿ ಅನ್ನೋ ನಮ್ಮ ಹಳೇ ನ್ಯಾಯ ಕೋರ್ಟಿನಲ್ಲಿ ನಿಲ್ಲಲ್ಲ. ಕೀ ಕೈಗೆ ಬಂದ್ರೆ ಸಾಲದು, ಹೆಸರೂ ಬರ್ಬೇಕು.

ಪಾಲಿಸಿ ವಿಷಯಾನೂ ಹೇಳಿಬಿಡ್ತೀನಿ. ಪಾಲಿಸಿ ಮಾಡಿಸಿದೋರು ಸತ್ತ ತಕ್ಷಣ ಅದು ಬಿದ್ದು ಹೋಗಲ್ಲ. ಸತ್ತ ದಿನದಿಂದ ಮೂರು ತಿಂಗಳು, ಇಲ್ಲಾ ಪಾಲಿಸಿ ಮುಗಿಯೋ ದಿನ, ಎರಡರಲ್ಲಿ ಯಾವುದು ಮುಂಚೆ ಬರುತ್ತೋ ಅಲ್ಲಿ ತನಕ ಇರುತ್ತೆ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸ್ಬೇಕು. ಎಷ್ಟೋ ಜನ ಫೋನಲ್ಲೇ ಒತ್ತಿ ಹಳೇ ಹೆಸರಲ್ಲೇ ವರ್ಷ ವರ್ಷ ರಿನ್ಯೂ ಮಾಡ್ತಾ ಇರ್ತಾರೆ. ದುಡ್ಡು ತಗೊಳ್ಳುತ್ತೆ, ಕಾಗದಾನೂ ಬರುತ್ತೆ. ಆದ್ರೆ ಕ್ಲೇಮು ಹಾಕೋ ದಿನ ಸಹಿ ಮಾಡೋಕೆ ಆ ಮನುಷ್ಯ ಇರಲ್ಲ.

ಏನೇನು ಕಾಗದ ಬೇಕು ಅಂತ ಕೇಳ್ತೀರಿ. ಮೊದಲನೇದು ಮರಣ ಪತ್ರ. ಜನನ ಮರಣ ನೋಂದಣಿಗೆ 1969ರ ಕಾಯ್ದೆ ಐತೆ, ಸಾವಾಗಿ 21 ದಿನದೊಳಗೆ ಬರೆಸಿದ್ರೆ ಸುಲಭ. ತಡ ಆದಷ್ಟೂ ದಂಡ, ಅಫಿಡವಿಟ್ಟು. ವರ್ಷ ದಾಟಿದ್ರೆ ಮೇಲಿನವರ ಆದೇಶ ಬೇಕು. ಆಸ್ಪತ್ರೇಲಿ ಹೋದ್ರೆ ಅಲ್ಲಿಂದಲೇ ಬರುತ್ತೆ, ಮನೇಲಿ ಹೋದ್ರೆ ನಾವೇ ಹೋಗಿ ಬರೆಸ್ಬೇಕು. ಹೆಸರು, ಇನಿಶಿಯಲ್ಲು ಆಧಾರಿನಲ್ಲಿ ಇರೋ ಹಂಗೇ ಬಂದೈತಾ ಅಂತ ಅಲ್ಲೇ ನಿಂತು ನೋಡಿ. ಎರಡನೇದು ನಾಡಕಚೇರಿಯಿಂದ ವಂಶವೃಕ್ಷ. ಹೊಲದ ಫೌತಿಗೂ ಇದೇ ಬೇಕು, ಹಂಗಾಗಿ ಎರಡು ಮೂರು ಪ್ರತಿ ಜಾಸ್ತಿ ಮಾಡಿಸಿಟ್ಕೊಳ್ಳಿ. ಮೂರನೇದು ಆರ್‌ಸಿ, ನಾಲ್ಕನೇದು ನಡೀತಿರೋ ಇನ್ಶೂರೆನ್ಸು, ಹೊಗೆ ತಪಾಸಣೆ ಚೀಟಿ. ಆಮೇಲೆ ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು, ನಿಮ್ಮ ವಿಳಾಸದ ದಾಖಲೆ, ಫೋಟೋ, ಫಾರಂ 31. ಅರ್ಜಿ ಪರಿವಾಹನ್ ವೆಬ್‌ಸೈಟಿನಲ್ಲೂ ಶುರು ಮಾಡಬಹುದು. ಕೆಎ 18 ಗಾಡಿನೋ ಕೆಎ 66 ಗಾಡಿನೋ ನೋಡ್ಕೊಂಡು ಆ ಆಫೀಸಿನ ಕೌಂಟರಿನಲ್ಲೇ ಒಂದು ಸಲ ಕೇಳಿ ಪಟ್ಟಿ ಬರ್ಕೊಳ್ಳಿ. ಆಫೀಸಿನ ಹೊರಗೆ ನಿಂತಿರೋರು ಕೇಳೋ ಹಣಕ್ಕೂ ಒಳಗಿನ ಫೀಸಿಗೂ ಬಹಳ ದೂರ.

ಗಾಡಿ ಮೇಲೆ ಸಾಲ ಇದ್ರೆ ಬ್ಯಾಂಕಿನವರ ಒಪ್ಪಿಗೆ ಬೇಕು. ಸಾಲ ತೀರಿದ್ರೆ ಬ್ಯಾಂಕಿಂದ ಫಾರಂ 35 ತಗೊಂಡು ಸಾಲದ ಹೆಸರು ತೆಗೆಸಿ. ಟ್ರ್ಯಾಕ್ಟರು ಇರೋರು ಮರೀಬ್ಯಾಡಿ, ಟ್ರ್ಯಾಕ್ಟರಿಗೊಂದು ನಂಬರು, ಟ್ರೈಲರಿಗೊಂದು ನಂಬರು, ಎರಡಕ್ಕೂ ಬೇರೆ ಬೇರೆ ಮಾಡಿಸ್ಬೇಕು. ಆಟೋ, ಗೂಡ್ಸ್ ಗಾಡಿ ಆದ್ರೆ ಪರ್ಮಿಟ್ಟೂ ಹೆಸರಿಗೆ ಬರ್ಬೇಕು, ಅದಕ್ಕೂ ಅದೇ 30 ದಿನ, ಮೂರು ತಿಂಗಳು.

"ನಮಗೆ ಗಾಡಿ ಬ್ಯಾಡ, ಮಾರಿಬಿಡ್ತೀವಿ" ಅನ್ನೋರೂ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಯೇ ಮಾರಬೇಕು. ಸತ್ತವರ ಸಹಿ ತಾವೇ ಹಾಕಿ ಕೊಡೋದನ್ನ ನಾನು ಕೇಳಿದೀನಿ. ಅದು ಸುಳ್ಳು ಸಹಿ, ಅಪರಾಧ. ಕೊಂಡೋನು ನಾಳೆ ಏನಾದ್ರೂ ಮಾಡಿದ್ರೆ ಪೊಲೀಸ್ನೋರು ಹುಡುಕ್ಕೊಂಡು ಬರೋದು ಆರ್‌ಸಿಯಲ್ಲಿರೋ ವಿಳಾಸಕ್ಕೆ. ಅಂದ್ರೆ ನಮ್ಮ ಮನೆ ಬಾಗಿಲಿಗೆ.

ಕೊನೇದಾಗಿ ಒಂದು ಹೊಸ ಅನುಕೂಲ. 2021ರಲ್ಲಿ ಕೇಂದ್ರದೋರು ನಿಯಮ ತಿದ್ದಿ, ಗಾಡಿಗೂ ನಾಮಿನಿ ಬರೆಸಬಹುದು ಅಂತ ಮಾಡಿದ್ರು. ಹೊಸ ಗಾಡಿ ತಗೊಳ್ಳೋವಾಗಲೇ ಬರೆಸಬಹುದು, ಇರೋ ಗಾಡಿಗೂ ಆಮೇಲೆ ಸೇರಿಸಬಹುದು. ಮಾಲೀಕರು ಹೋದ್ರೆ ನಾಮಿನಿ ಮರಣ ಪತ್ರ ತೋರಿಸಿ ತಮ್ಮ ಹೆಸರಿಗೆ ಮಾಡಿಸ್ಕೊಳ್ಳೋದು ಸಲೀಸು. ಆದ್ರೆ ನಾಮಿನಿ ಆದ ಮಾತ್ರಕ್ಕೆ ಉಳಿದವರ ಪಾಲು ಹೋಯ್ತು ಅಂತಲ್ಲ. ಜೀವವಿಮೆ ವಿಷಯದಲ್ಲಿ 1983ರಲ್ಲೂ, ಷೇರಿನ ವಿಷಯದಲ್ಲಿ 2023ರಲ್ಲೂ ಸುಪ್ರೀಂ ಕೋರ್ಟು ಹೇಳಿರೋದು ಇದನ್ನೇ, ನಾಮಿನಿ ಅನ್ನೋದು ವಾರಸುದಾರಿಕೆಯನ್ನ ಮೀರಲ್ಲ ಅಂತ. ಓದೋ ಹೆಣ್ಣುಮಕ್ಕಳು ಇದನ್ನ ನೆನಪಿಟ್ಕೊಳ್ಳಿ.

ನಮ್ಮ ಅಜ್ಜಿಗೆ ಗಾಡಿಯಲ್ಲಿ ಕೂರೋಕೆ ಮಾತ್ರ ಇತ್ತು. ಅಮ್ಮಂದಿರಿಗೆ ಕಾಯ್ದೆಯಲ್ಲಿ ಪಾಲು ಬಂತು, ಕೇಳೋಕೆ ಧೈರ್ಯ ಬರ್ಲಿಲ್ಲ. ನಮ್ಮ ಹೊತ್ತಿಗೆ ಲೈಸೆನ್ಸೂ ಬಂತು, ಸ್ಕೂಟಿನೂ ಬಂತು. ಇನ್ನು ಉಳಿದಿರೋದು ಆ ಒಂದು ಸಾಲು ಹೆಸರು.

ಈ ಭಾನುವಾರ ಒಂದು ಕೆಲಸ ಮಾಡಿ. ಗಾಡಿ ಕಾಗದ ಎಲ್ಲೈತೆ ಅಂತ ಮನೆಯೋರನ್ನ ಕೇಳಿ ತೆಗೆಸಿ. ಆರ್‌ಸಿಯಲ್ಲಿ ಯಾರ ಹೆಸರು, ಪಾಲಿಸಿಯಲ್ಲಿ ಯಾರ ಹೆಸರು, ಯಾವತ್ತು ಮುಗಿಯುತ್ತೆ, 15 ಲಕ್ಷದ ವಿಮೆ ಐತಾ, ನಾಮಿನಿ ಯಾರು, ಇಷ್ಟನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರ್ದಿಟ್ಕೊಳ್ಳಿ. ಯಜಮಾನ್ರು ಗಟ್ಟಿಮುಟ್ಟಾಗಿ ಇರೋವಾಗ ಇದನ್ನೆಲ್ಲಾ ಕೇಳೋದು ಅಪಶಕುನ ಅಂತ ಯಾರಾದ್ರೂ ಅಂದ್ರೆ, ಸುಮ್ನೆ ನಕ್ಕು ಬರ್ಕೊಳ್ಳಿ. ಓಣಿಯಲ್ಲಿ ಹೋದವರ ಹೆಸರಿನ ಗಾಡಿ ಇನ್ನೂ ನಿಂತಿರೋ ಮನೆ ಗೊತ್ತಿದ್ರೆ, ಸಂಜೆ ಹೂ ಕಟ್ಟೋವಾಗ ಆ ಮನೆಯಕ್ಕನಿಗೂ ಒಂದು ಮಾತು ಹೇಳಿ. ಕಡೂರಿಗೋ ತರೀಕೆರೆಗೋ ಒಬ್ಬರೇ ಹೋಗೋಕೆ ಅಂಜಿಕೆ ಆದ್ರೆ ಜೊತೆಗೆ ಹೋಗಿಬನ್ನಿ.